ಬಿಡಿಬಿಡಿಯಾಗಿ ಬಂದ ಚಾಕು

ಚಾಕು ಮುರಿದು ಬಂದಿದೆ ಎಂದೇ ಮನೆಯವರೆಲ್ಲ ತಿಳಿದರು.

ಅಮೃತಾ ಪೊಟ್ಟಣದ ಬಾಯಿ ಕತ್ತರಿಸಿ, ಪಡಸಾಲೆಯಲ್ಲಿ ಹಾಸಿದ ಹಳೇ ಪೇಪರಿನ ಮೇಲೆ ಬೋರಲು ಹಾಕಿದಳು. ಒಂದು ಅಲಗು ಬಿತ್ತು. ಅಲಗಿನಷ್ಟೇ ಉದ್ದದ ಉಕ್ಕಿನ ಪಟ್ಟಿಯೊಂದು ಬಿತ್ತು. ಆಮೇಲೆ ತೆಳ್ಳಗಿನ ಎರಡು ಹಿತ್ತಾಳೆ ತಗಡು, ನುಣ್ಣಗೆ ಉಜ್ಜಿದ ಎರಡು ಕಟ್ಟಿಗೆ ಚಕ್ಕೆ, ಕಡ್ಡಿಪೆಟ್ಟಿಗೆಯ ಕಡ್ಡಿಗಿಂತ ತುಸು ದಪ್ಪನೆಯ ಹಿತ್ತಾಳೆ ಮೊಳೆಗಳು, ಕಡೆಗೆ ಮಡಚಿದ ಒಂದು ಕಾಗದ. ಫೋನಿನ ಚಿತ್ರದಲ್ಲಿ ಅವಳು ಕಂಡದ್ದು ಅಂಗೈಯಲ್ಲಿ ಅಡಗುವ ಇಡೀ ಚಾಕು. ಯಲಬುರ್ಗಾ ಮುಟ್ಟುವಷ್ಟರಲ್ಲಿ ಅದರ ಗತಿ ಹೀಗಾಗಿತ್ತು.

"ಬಸ್ಸಿನ ಗಾಲಿಗೆ ಸಿಕ್ಕಿತ್ತೇನಿದು?" ಎಂದು ಗೋವಿಂದರಾಜ ಹೆಂಡತಿಯನ್ನು ಕೆಣಕಿದ. "ಮರಳಿ ಕಳಿಸಿಬಿಡು."

ಅಮೃತಾ ಕಾಗದ ಬಿಡಿಸಿ ನೋಡಿದಳು. ಅದರ ತುಂಬ ಚಿತ್ರಗಳು, ಬಾಣದ ಗುರುತುಗಳು. ಅವಳ ಮುಖ ಸಣ್ಣದಾಯಿತು. "ಮುರದಿಲ್ರಿ ಇದು. ಜೋಡಸೂ ಸಾಮಾನಂತ. ನಾವಽ ಕುಂತು ಚಾಕು ಮಾಡ್ಕೋಬೇಕಂತ. ನಾ ಪೂರಾ ಓದಲಿಲ್ರಿ."

"ಛಲೋ ಆತು. ಕಮ್ಮಾರರ ಮನಿಗೆ ಚಾಕು ಮಾಡೂದು ಕಲಸಾಕ ಚಿತ್ರ ಬರದು ಕಳಸ್ಯಾರ," ಎಂದು ಗೋವಿಂದರಾಜ ನಕ್ಕ. ನಕ್ಕವನು ಒಳಕೋಣೆಯ ಬಾಗಿಲತ್ತ ನೋಡಿದ.

ಅವನ ತಾಯಿ ಹಂಪವ್ವ ನಗಲಿಲ್ಲ. ತುಣುಕುಗಳನ್ನೆಲ್ಲ ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಿ, ಸೆರಗಿನಲ್ಲಿ ಹಾಕಿಕೊಂಡಳು. "ಯಾವುದೂ ಮರಳಿ ಕಳಸೂದು ಬ್ಯಾಡ. ಇರಲಿ," ಎಂದಳು.

ಚಾಕು ತರಿಸಿದ್ದು ಒಳಕೋಣೆಯಲ್ಲಿ ಮಲಗಿದ್ದ ಮಾರೆಪ್ಪನ ಸಲುವಾಗಿ. ಹಂಪವ್ವನ ಗಂಡ ಮಾರೆಪ್ಪ ಯಲಬುರ್ಗಾದ ಸುತ್ತಲ ಎರೆಹೊಲಗಳಿಗೆ ಕುಂಟೆಯ ಕುಡ, ಕುಡುಗೋಲು, ಕೊಡಲಿ ಬಡಿದುಕೊಟ್ಟ ಕಮ್ಮಾರ. ಹಿಂದಿನ ಬೇಸಿಗೆಯಲ್ಲಿ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಕೊಪ್ಪಳದ ದವಾಖಾನೆಯಲ್ಲಿ ಡಾಕ್ಟರರು, ಮಾತು ತಿರುಗಿ ಬರುವುದು ಕಷ್ಟ, ತಿಳುವಳಿಕೆ ಎಷ್ಟು ಉಳಿದಿದೆಯೋ ಈಗಲೇ ಹೇಳಲು ಬರುವುದಿಲ್ಲ ಎಂದಿದ್ದರು. ಮನೆಯವರು ಆ ಮಾತನ್ನು ದಿನಕ್ಕಿಷ್ಟು ತಿಂದು, ಏನೂ ಉಳಿದಿಲ್ಲ ಎಂಬಲ್ಲಿಗೆ ತಂದು ನಿಲ್ಲಿಸಿದ್ದರು. ಬಂದವರು ಅವನ ಮಂಚದ ಪಕ್ಕ ನಿಂತುಕೊಂಡೇ ಅವನ ಬಗ್ಗೆ ಮಾತಾಡುತ್ತಿದ್ದರು, ಸತ್ತವನ ಬಗ್ಗೆ ಮಾತಾಡಿದ ಹಾಗೆ. ಹಂಪವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಅವರಿಗೆ ಎಲ್ಲಾ ತಿಳೀತೈತಿ. ಕಿಸೆ ಯಾಕ ತಡಕ್ತಾರ ಹಂಗಾರ?" ಎಂದು ಅವಳು ಕೇಳುತ್ತಿದ್ದಳು.

ಕಿಸೆಯ ಕಥೆ ಇಷ್ಟು. ಮಾರೆಪ್ಪನ ಒಳಂಗಿಯ ಕಿಸೆಯಲ್ಲಿ ಯಾವಾಗಲೂ ಒಂದು ಮಡಚುವ ಚಾಕು ಇರುತ್ತಿತ್ತು. ಲಾರಿಯ ಸ್ಪ್ರಿಂಗ್ ಪಾಟಾದ ತುಂಡಿನಿಂದ ಹರೆಯದಲ್ಲಿ ತಾನೇ ಮಾಡಿಕೊಂಡದ್ದು. ಅಡಕೆ ಹೋಳು ಮಾಡುವುದಕ್ಕೂ ಅದೇ, ಸೌತೆಕಾಯಿ ಹೆಚ್ಚುವುದಕ್ಕೂ ಅದೇ, ಕಾಲಿನ ಮುಳ್ಳು ತೆಗೆಯುವುದಕ್ಕೂ ಅದೇ. ದವಾಖಾನೆಗೆ ಒಯ್ದ ಗಡಿಬಿಡಿಯಲ್ಲಿ ಅದು ಎಲ್ಲಿ ಬಿತ್ತೋ ಶಿವನಿಗೇ ಗೊತ್ತು. ಅಂದಿನಿಂದ ಅವನ ಎಡಗೈ ದಿನವಿಡೀ ಆ ಬರಿಗಿಸೆಯನ್ನು ತಡವುತ್ತಿತ್ತು. ಗೋವಿಂದರಾಜ ಅದನ್ನು ಕೈಯ ಚಾಳಿ ಎಂದ. ಸೊಸೆ ಅಮೃತಾ ಏನೂ ಅನ್ನದೆ, ಅತ್ತೆಯ ಮಾತು ನಿಜವಿರಬಹುದೆಂದು ಫೋನಿನಲ್ಲಿ ಚಾಕು ಹುಡುಕಿದ್ದಳು.

ಕೈಯದು ಇನ್ನೂ ಒಂದು ಚಾಳಿ ಇತ್ತು. ಉಣಿಸುವಾಗ ತಟ್ಟೆ ಬಡಿಯುವುದು. ಮಾರೆಪ್ಪನ ಬೆರಳಲ್ಲಿ ಕುದುರೆ ಲಾಳದ ಕಬ್ಬಿಣದಿಂದ ಮಾಡಿದ ಉಂಗುರವಿತ್ತು. ಬಲಗೈ ಬಾತುಕೊಂಡಾಗ ಹಂಪವ್ವ ಅದನ್ನು ತೆಗೆದು ಎಡಗೈಗೆ ಹಾಕಿದ್ದಳು. ಅವಳು ರೊಟ್ಟಿ ಹಾಲಲ್ಲಿ ನೆನೆಸಿ ತುತ್ತು ಮಾಡಿ ಇಡುತ್ತಿದ್ದರೆ, ಅರ್ಧಕ್ಕೇ ಅವನು ಆ ಉಂಗುರದಿಂದ ಸ್ಟೀಲಿನ ತಟ್ಟೆಯ ಅಂಚಿಗೆ ಟಣ್ಣೆಂದು ಬಡಿಯುತ್ತಿದ್ದ. "ಸಿಟ್ಟು ಮಾಡಬ್ಯಾಡ್ರಿ, ಇನ್ನೊಂದು ತುತ್ತು," ಎಂದು ಅವಳು ಬಾಯಿಗೆ ತುರುಕಿದರೆ ಮತ್ತೆ ಟಣ್. ಒಮ್ಮೊಮ್ಮೆ ಉಸಿರು ಸಿಕ್ಕಿ ಕೆಮ್ಮುತ್ತಿದ್ದ. ತನ್ನ ಕೈಯ ಅನ್ನ ಗಂಡನಿಗೆ ಬೇಡವಾಯಿತಲ್ಲ ಎಂದು ಅವಳು ಹಿತ್ತಲಿಗೆ ಹೋಗಿ ಅಳುತ್ತಿದ್ದಳು. ಕೊನೆಗೆ ಆ ಸಪ್ಪಳ ತಾಳಲಾರದೆ ಸಂತೆಯಲ್ಲಿ ಒಂದು ಪ್ಲಾಸ್ಟಿಕ್ಕಿನ ತಟ್ಟೆ ತಂದಳು. ಅದನ್ನು ಅವನು ಕೆಲವು ದಿನ ಬಡಿದು ನೋಡಿ ಬಿಟ್ಟುಬಿಟ್ಟ. ಮನೆ ತಣ್ಣಗಾಯಿತು ಎಂದು ಎಲ್ಲರಿಗೂ ಸಮಾಧಾನವಾಯಿತು.

ಇಷ್ಟೇ ಆಗಿದ್ದರೆ ಚಾಕು ಇಂದಲ್ಲ ನಾಳೆ ಆಗುತ್ತಿತ್ತು. ಹಂಪವ್ವನಿಗೆ ಅವಸರವಿತ್ತು.

ಮನೆಯ ಪಕ್ಕದ ಚಪ್ಪರದಲ್ಲಿ ಮಾರೆಪ್ಪನ ಕುಲುಮೆ ತಣ್ಣಗೆ ಬಿದ್ದಿತ್ತು. ಗೋವಿಂದರಾಜ ವೆಲ್ಡಿಂಗ್ ಕೆಲಸದವನು. ಗೇಟು, ಕಿಟಕಿಯ ಸರಳು, ಟ್ರ್ಯಾಕ್ಟರಿನ ಹಿಂದಿನ ಡಬ್ಬಿ ಮಾಡುತ್ತಿದ್ದ. ಗೇಟುಗಳನ್ನು ನಿಲ್ಲಿಸಲು ಜಾಗವಿಲ್ಲದೆ ರಸ್ತೆಗೆ ಇಟ್ಟು ಪುರಸಭೆಯವರಿಂದ ಬೈಸಿಕೊಳ್ಳುತ್ತಿದ್ದ. ಕುಲುಮೆ ಕಿತ್ತು, ಕಾದ ಕಬ್ಬಿಣ ಇಟ್ಟು ಬಡಿಯುವ ಅಡಗಲ್ಲು ಯಾರಿಗಾದರೂ ಕೊಟ್ಟು, ಆ ಜಾಗಕ್ಕೆ ತಗಡು ಹೊದಿಸುವುದು ಅವನ ಲೆಕ್ಕ. ಹುಡುಗ ಕೆಟ್ಟವನಲ್ಲ. ಅಪ್ಪನ ಮಲಮೂತ್ರ ಬಳಿಯುವವನು ಅವನೇ. ಅವನ ಮನಸ್ಸಿನಲ್ಲಿ ಅಪ್ಪ ಆಗಲೇ ಹೋಗಿಬಿಟ್ಟಿದ್ದ, ಅಷ್ಟೇ.

ಪೊಟ್ಟಣ ಬರುವ ಮೊದಲೇ ಅಡಗಲ್ಲು ಒಯ್ಯಲು ಕುಷ್ಟಗಿಯಿಂದ ಉಮರಸಾಬ ಬಂದಿದ್ದ. ಎತ್ತಿಗೆ ಲಾಳ ಕಟ್ಟುವವನು, ಮಾರೆಪ್ಪನ ಹಳೆಯ ಪರಿಚಯದವನು. ಅಡಗಲ್ಲಿನ ಮೈಮೇಲೆ ಅಂಗೈ ಆಡಿಸಿ, ಅಲ್ಲೇ ಕುಕ್ಕರಗಾಲಲ್ಲಿ ಕೂತು ಒಂದು ಮಾತು ಹೇಳಿದ.

"ನಮ್ಮ ಮಂದಿಯಾಗ ಒಂದ ಪದ್ಧತಿ ಐತ್ರಿ. ಒಬ್ಬ ಉಸ್ತಾದನ ಅಡಗಲ್ಲು ಅವನ ಕೈಯಿಂದಾನಽ ಬರಬೇಕು. ಮಾರೆಪ್ಪಣ್ಣಾರು ಕೈಮುಟ್ಟಿ ಕೊಟ್ರ ಒಯ್ತೀನಿ. ಅವರ ಒಪ್ಪಗಿ ಇಲ್ಲದಽ ಒಯ್ದ್ರ ನಮಗ ಒಗ್ಗೂದಿಲ್ಲ."

"ಅಪ್ಪಗ ಏನೂ ತಿಳಿಯೂದಿಲ್ರಿ ಸಾಬರ. ಗ್ವಾಡೀನ ಕೇಳಿದಂಗ ಆಕ್ಕೈತಿ," ಎಂದ ಗೋವಿಂದರಾಜ.

"ತಿಳಿಯೂದಿಲ್ಲಂತ ಅವರ ಹೇಳ್ಯಾರೇನು?" ಎಂದು ಹಂಪವ್ವ ಬಾಗಿಲಿಂದಲೇ ಗದರಿದಳು.

ಉಮರಸಾಬ ತಾಯಿ ಮಗನ ನಡುವೆ ಸಿಗಲು ಹೋಗಲಿಲ್ಲ. "ಅಮವಾಸಿ ಆದ ಮರುದಿನ ಗಾಡಿ ತಗೊಂಡ ಬರ್ತೀನ್ರಿ. ಅಷ್ಟ್ರಾಗ ಏನಂತ ನೋಡ್ರಿ," ಎಂದು ಬಸ್ಸಿಗೆ ಹೋದ. ಗೋವಿಂದರಾಜ ತಾಯಿಗೆ ಹೇಳಿದ: "ಅಪ್ಪ ಒಂದಽ ಒಂದ ಸಲ ತಿಳದು ಏನರ ಮಾಡಿ ತೋರಸ್ಲಿ ಯವ್ವಾ. ನಾ ಕಾಲು ಹಿಡದು ಕೇಳ್ತೀನಿ, ಅವರು ಬ್ಯಾಡಂದ್ರ ಕುಲುಮಿ ಮುಟ್ಟೂದಿಲ್ಲ. ಏನೂ ಇಲ್ಲಂದ್ರ ನೀನೂ ಸುಮ್ಮನ ಇರಬೇಕು."

ಚಾಕು ಕಿಸೆಗೆ ಬಿದ್ದು ಕೈ ತಡಕುವುದು ನಿಂತರೆ, ಅವರು ತಿಳಿದೇ ಹುಡುಕುತ್ತಿದ್ದರು ಎಂದು ಮಗನಿಗೆ ಒಪ್ಪಿಸಬಹುದು. ಗಂಡನನ್ನು ಕೇಳಿದರೆ ಅವನು ಅಡಗಲ್ಲು ಕೊಡುವುದಿಲ್ಲ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅದಕ್ಕೇ ಆ ತುಣುಕುಗಳನ್ನು ಸೆರಗಿಗೆ ಹಾಕಿಕೊಂಡದ್ದು.

ಹಂಪವ್ವನಿಗೆ ಕಬ್ಬಿಣ ಹೊಸದಲ್ಲ. ಮದುವೆಯಾಗಿ ಬಂದ ವರ್ಷದಿಂದ ಕುಲುಮೆಯಲ್ಲಿ ದೊಡ್ಡ ಸಮ್ಮಟಿಗೆ ಎತ್ತಿದವಳು ಅವಳೇ. ಬಳೆಗಳನ್ನು ಮೊಣಕೈಗೆ ಸರಿಸಿ ಅರಿವೆ ಸುತ್ತಿಕೊಂಡು ನಿಂತಳೆಂದರೆ ಗಂಡಸರು ದಾರಿ ಬಿಡುತ್ತಿದ್ದರು. ಮಾರೆಪ್ಪ ಎಡಗೈಯ ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದು, ಬಲಗೈಯ ಸಣ್ಣ ಸುತ್ತಿಗೆಯಿಂದ ಅದರ ಮೇಲೆ ಮೆಲ್ಲಗೆ ಮುಟ್ಟುತ್ತಿದ್ದ. ಅವನು ಎಲ್ಲಿ ಮುಟ್ಟಿದನೋ ಅಲ್ಲಿ ಅವಳ ಸಮ್ಮಟಿಗೆ ಬೀಳಬೇಕು. ಅವನ ಸುತ್ತಿಗೆ ಕಬ್ಬಿಣ ಬಿಟ್ಟು ಬರಿಯ ಅಡಗಲ್ಲಿಗೆ ಟಣ್ಣೆಂದಿತೋ, ಸಾಕು ಎಂದು ಅರ್ಥ. ಎತ್ತಿದ ಸಮ್ಮಟಿಗೆ ಎತ್ತಿದಲ್ಲೇ ನಿಲ್ಲಬೇಕು. ಆ ಗದ್ದಲದಲ್ಲಿ ಬಾಯಿಮಾತಿಗೆ ಜಾಗವಿರಲಿಲ್ಲ. ಬೇಕೂ ಇರಲಿಲ್ಲ.

ಹಾಗೆ ಬಡಿದವಳು ಈಗ ಕಡ್ಡಿಯಂಥ ಮೊಳೆಯ ಮುಂದೆ ಕೂತಳು. ಚಾಕುವಿನ ಜೋಡಣೆ ಚಿತ್ರದಲ್ಲಿ ಸರಳವಿತ್ತು. ಕಟ್ಟಿಗೆ ಚಕ್ಕೆಗೆ ಹಿತ್ತಾಳೆ ತಗಡು ಅಂಟಿಸಬೇಕು, ಎರಡು ತಗಡಿನ ನಡುವೆ ಅಲಗು, ಅಲಗಿನ ಬೆನ್ನಿಗೆ ಬಿಗಿಯಾಗಿ ಒತ್ತುವ ಉಕ್ಕಿನ ಪಟ್ಟಿ, ಎಲ್ಲಕ್ಕೂ ಅಡ್ಡವಾಗಿ ಮೊಳೆ. ಮೊಳೆಯ ಎರಡೂ ತಲೆಗಳನ್ನು ಬಡಿದು ಅಗಲ ಮಾಡಿದರೆ ಚಾಕು ಕೂಡಿಕೊಳ್ಳುತ್ತದೆ. ಅಲಗು ತಿರುಗುವ ಮೊಳೆಯೊಂದೇ ಕಠಿಣ. ಕಡಿಮೆ ಬಡಿದರೆ ಅಲಗು ಲೊಡಲೊಡ ಅಲ್ಲಾಡುತ್ತದೆ. ಒಂದು ಪೆಟ್ಟು ಹೆಚ್ಚಾದರೆ ಬಿಗಿದುಕೊಂಡು ಅಲುಗುವುದೇ ಇಲ್ಲ.

ಒಳಕೋಣೆಯಲ್ಲಿ ಗಂಡನ ಮಂಚದ ಪಕ್ಕವೇ ಕಲ್ಲಿನ ಮೇಲಿಟ್ಟು ಬಡಿದಳು. ಪಟ್ಟಿಯನ್ನು ಒತ್ತಿ ಹಿಡಿದು ಅಮೃತಾಳ ಬೆರಳು ಕೆಂಪಾದವು. ಹಂಪವ್ವನ ತೋಳಿಗೆ ಸಣ್ಣ ಪೆಟ್ಟಿನ ರೂಢಿಯಿಲ್ಲ. ಇನ್ನೊಂದು ಬೀಳಲಿ, ಗಟ್ಟಿಯಾಗಲಿ ಎಂದು ಬಡಿದದ್ದೇ ಬಡಿದದ್ದು. ಮಂಚದ ಮೇಲೆ ಮಾರೆಪ್ಪ ಗಂಟಲಿನಿಂದ ಗೊರಗೊರ ಸದ್ದು ಮಾಡಿ, ಎಡಗೈಯಿಂದ ಮಂಚದ ಕಟ್ಟಿಗೆ ಪಟ್ಟಿಯನ್ನು ತಟ್ಟಿದ. "ಆತು ಆತು, ನಿಮ್ಮ ಚಾಕುನಽ ಮಾಡಾಕತ್ತೀನಿ, ತಡೀರಿ," ಎಂದು ಅವಳು ತಿರುಗಿಯೂ ನೋಡಲಿಲ್ಲ. ಮುಗಿಸಿ ಬಿಡಿಸಲು ಹೋದರೆ ಅಲಗು ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಸಂಜೆ ಗೋವಿಂದರಾಜ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಕೊಡು ಇಲ್ಲೆ, ಎರಡು ಟಾಕಿ ವೆಲ್ಡಿಂಗ್ ಹಾಕಿ ಪಕ್ಕಾ ಮಾಡಿಬಿಡ್ತೀನಿ."

"ವೆಲ್ಡಿಂಗ್ ಹಾಕಿದ್ರ ಮಡಚೂದು ಹ್ಯಾಂಗೋ ಶಾಣ್ಯಾ?" ಎಂದು ತಾಯಿ ಅದನ್ನು ಕಸಿದುಕೊಂಡಳು. ಅಮೃತಾ ಬಾಯಿಗೆ ಸೆರಗು ಹಿಡಿದು ನಕ್ಕಳು. ಮನೆಯಲ್ಲಿ ಬಹಳ ದಿನಗಳ ಮೇಲೆ ಕೇಳಿದ ನಗು ಅದು. ಆದರೆ ಈಗ ಮೊಳೆಯ ತಲೆ ಅರದಿಂದ ಉಜ್ಜಿ ತೆಗೆದು, ಬಿಚ್ಚಿ ಮತ್ತೆ ಮೊದಲಿನಿಂದ ಮಾಡಬೇಕು. ಆ ಜಾಗಕ್ಕೆ ಹೊಂದುವ ಮೊಳೆ ಪೊಟ್ಟಣದಲ್ಲಿ ಇನ್ನೊಂದೇ ಉಳಿದಿತ್ತು.

ಅಮಾವಾಸ್ಯೆಯ ದಿನ ಕಮ್ಮಾರರು ಸುತ್ತಿಗೆ ಮುಟ್ಟುವುದಿಲ್ಲ. ಅದರ ಹಿಂದಿನ ದಿನ ಮಧ್ಯಾಹ್ನ, ಗೋವಿಂದರಾಜ ಗೇಟು ಕೂಡಿಸಲು ಹೊರಗೆ ಹೋಗಿದ್ದಾಗ, ಹಂಪವ್ವ ಒಂದು ನಿರ್ಧಾರಕ್ಕೆ ಬಂದಳು. "ಕಲ್ಲಿನ ಮ್ಯಾಲೆ ನಂಗ ಹದಾ ಸಿಗವಲ್ದು. ಅಡಗಲ್ಲಿನ ಮ್ಯಾಲಽ ಮಾಡ್ತೀನಿ. ಅವರನೂ ಕರಕೊಂಡ ಹೋಗೂಣು," ಎಂದಳು.

"ಕುಲುಮಿ ನೋಡಿ ಮಾವಾರಿಗೆ ಸಂಕಟ ಆಗೂದಿಲ್ರೇನು ಅತ್ತಿ?"

"ಆದ್ರ ಆಗ್ಲಿ. ಸಂಕಟ ಆದ್ರ ತಿಳುವಳಿಕಿ ಐತಂತ ಆತಲ್ಲ."

ಇಬ್ಬರೂ ಸೇರಿ ಮಾರೆಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಎಳೆದೂ ಎತ್ತಿಯೂ ಚಪ್ಪರಕ್ಕೆ ತಂದರು. ಲಕ್ವಾ ಹೊಡೆದ ಮೇಲೆ ಅವನು ಕುಲುಮೆ ಕಂಡದ್ದು ಅದೇ ಮೊದಲು. ಹಳೆಯ ಇದ್ದಿಲಿನ ವಾಸನೆ ಹಾಗೇ ಇತ್ತು. ಗಾಳಿ ಊದುವ ತಿದಿಯ ತೊಗಲು ಒಣಗಿ ಬಿರಿದಿತ್ತು. ಅವನ ಮುಖದಲ್ಲಿ ಏನೂ ಕಾಣಲಿಲ್ಲ, ಬಾಯಿಯ ಬಲದ ಮೂಲೆಯಿಂದ ಜೊಲ್ಲು ಇಳಿಯಿತು. ಹಂಪವ್ವ ಸೆರಗಿನಿಂದ ಒರೆಸಿ, ಕುರ್ಚಿಯನ್ನು ಅಡಗಲ್ಲಿಗೆ ತಾಗಿಸಿ ನಿಲ್ಲಿಸಿದಳು. ಎದುರಿಗೆ ತಾನು ನಿಂತಳು. ಅದೇ ಅವರವರ ಜಾಗ.

ಕೊಡಲಿ, ಕುಡಗಳನ್ನು ಹೊತ್ತ ಆ ಅಡಗಲ್ಲಿನ ಮೇಲೆ ಚಾಕುವಿನ ತುಣುಕುಗಳು ಮಕ್ಕಳಾಟಿಕೆಯ ಹಾಗೆ ಕಂಡವು. ಅಲಗಿಗೂ ತಗಡಿಗೂ ನಡುವೆ ಅಮೃತಾ ಕ್ಯಾಲೆಂಡರಿನ ಕಾಗದದ ಚೂರಿಗೆ ಎಣ್ಣೆ ಹಚ್ಚಿ ಸೇರಿಸಿದಳು, ಹೆಚ್ಚು ಬಿಗಿಯದಿರಲಿ ಎಂದು. ಪೊಟ್ಟಣದಲ್ಲಿ ಬಂದ ಚಿತ್ರದಲ್ಲಿ ಹಾಗೇ ಇತ್ತು. ಉಕ್ಕಿನ ಪಟ್ಟಿ ಒತ್ತಿ ಹಿಡಿಯಲು ಅವಳು ಬೆರಳು ಇಡುವ ಮೊದಲೇ, ಮಾರೆಪ್ಪನ ಎಡಗೈ ಕಿಸೆಯಿಂದ ಇಳಿದು ಬಂತು. ಹೆಬ್ಬೆರಳು ಪಟ್ಟಿಯ ತುದಿಗೆ ಕೂತು ಅದುಮಿತು. ಮೊಳೆ ಸಲೀಸಾಗಿ ಒಳಗೆ ಇಳಿಯಿತು.

"ಅತ್ತಿ..." ಎಂದಳು ಅಮೃತಾ.

"ಮಾತಾಡಬ್ಯಾಡ," ಎಂದಳು ಹಂಪವ್ವ. ಗಂಡನ ಸಣ್ಣ ಸುತ್ತಿಗೆ ಅವಳ ಕೈಯಲ್ಲಿತ್ತು. ಇಷ್ಟು ವರ್ಷದಲ್ಲಿ ಆ ಸುತ್ತಿಗೆಯನ್ನು ಅವಳು ಎತ್ತಿ ಇಟ್ಟವಳೇ ಹೊರತು ಬಡಿದವಳಲ್ಲ.

ಮಾರೆಪ್ಪನ ಉಂಗುರ ಮೊಳೆಯ ತಲೆಯ ಒಂದು ಮಗ್ಗುಲಿಗೆ ಮುಟ್ಟಿತು. ಅವಳು ಅಲ್ಲಿ ಬಡಿದಳು. ಉಂಗುರ ಇನ್ನೊಂದು ಮಗ್ಗುಲಿಗೆ ಹೋಯಿತು. ಅಲ್ಲಿ ಬಡಿದಳು. ಚಾಕು ಮಗುಚಿ ಹಾಕಿದರು. ಮತ್ತೆ ಉಂಗುರ, ಮತ್ತೆ ಸುತ್ತಿಗೆ. ಹಿತ್ತಾಳೆ ಹೂವಿನ ಮೊಗ್ಗಿನ ಹಾಗೆ ನಿಧಾನಕ್ಕೆ ಅಗಲವಾಯಿತು. ಇನ್ನೊಂದು ಬೀಳಲಿ ಎಂದು ಅವಳು ಕೈ ಎತ್ತಿದಳು.

ಟಣ್.

ಉಂಗುರ ಬಿದ್ದದ್ದು ಬರಿಯ ಅಡಗಲ್ಲಿನ ಮೇಲೆ. ಹಂಪವ್ವನ ಕೈ ಎತ್ತಿದಲ್ಲೇ ನಿಂತಿತು. ಅವಳು ನಿಲ್ಲಿಸಲಿಲ್ಲ, ತೋಳು ತಾನೇ ನಿಂತಿತು. ಅಮೃತಾ ಕಾಗದದ ಚೂರು ಎಳೆದು ತೆಗೆದು, ಉಗುರಿನಿಂದ ಅಲಗು ಬಿಡಿಸಿದಳು. ಅಲಗು ಎಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿ, ಕೊನೆಯಲ್ಲಿ ಟಕ್ಕೆಂದು ಗಟ್ಟಿಯಾಗಿ ಕೂತಿತು. ಅತ್ತಿತ್ತ ಅಲ್ಲಾಡಿಸಿ ನೋಡಿದಳು, ಕೂದಲೆಳೆಯಷ್ಟೂ ಅಲ್ಲಾಟವಿರಲಿಲ್ಲ.

"ಅತ್ತಿ, ನೀವು ಹೇಳಿದ್ದು ಖರೇರಿ! ಮಾವಾರಿಗೆ ಎಲ್ಲಾ ತಿಳೀತೈತಿ!" ಎಂದು ಅವಳು ಕುಣಿದಾಡುವಂತಾದಳು.

ಹಂಪವ್ವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಆ ಟಣ್ ಸದ್ದು ಅವಳ ಕಿವಿಯೊಳಗೆ ಬೇರೊಂದು ಟಣ್ ಸದ್ದಿಗೆ ಹೋಗಿ ಕೂಡಿಕೊಂಡಿತ್ತು. ಸ್ಟೀಲಿನ ತಟ್ಟೆಯ ಅಂಚು. ಹಾಲು ರೊಟ್ಟಿ. ಇನ್ನೊಂದು ತುತ್ತು, ಇನ್ನೊಂದು ತುತ್ತು. ಕೆಮ್ಮು. ಅವಳು ಸುತ್ತಿಗೆಯನ್ನು ಬೂದಿಗೆ ಹಾಕಿ, ಗಂಡನ ಕಾಲ ಬಳಿ ಕೂತಳು.

"ಸಾಕು ಅಂತಿದ್ರಲ್ಲೇ ಅಮೃತಾ! ದಿನಾ ಸಾಕು ಸಾಕು ಅಂತಿದ್ರು, ನಾ ತುರುಕಿದೆ. ಸಿಟ್ಟಂತ ತಿಳದೆ. ಲೋಕ ಎಲ್ಲಾ ತಿಳುವಳಿಕಿ ಇಲ್ಲಂದ್ರ ಲೋಕದ ಮ್ಯಾಲೆ ಹರಿಹಾಯ್ತಿದ್ದೆ. ಇದ್ದ ಒಂದ ಮಾತು ಕೇಳವಲ್ಲೆ ಅಂತ, ಪ್ಲಾಸ್ಟಿಕ್ ತಾಟು ತಂದು ಅವರ ಬಾಯಿ ನಾನಽ ಮುಚ್ಚಿದೆ." ಅವಳು ಗಂಡನ ಸತ್ತ ಬಲಗಾಲಿಗೆ ಹಣೆ ಒತ್ತಿ ಗೊಳೋ ಎಂದು ಅತ್ತಳು. "ಕುಲುಮ್ಯಾಗ ತಿಳದದ್ದು ಅಡಗಿ ಮನ್ಯಾಗ ತಿಳೀಲಿಲ್ಲಲ್ಲೋ ನಮ್ಮಪ್ಪಾ!"

ಮಾರೆಪ್ಪನ ಎಡಗೈ ಅವಳ ತಲೆಯ ಮೇಲೆ ಬಂದು ಕೂತಿತು. ತುಸು ಹೊತ್ತು ಅಲ್ಲೇ ಇತ್ತು. ಆಮೇಲೆ ಆ ಕೈ ಎದ್ದು ಅಡಗಲ್ಲಿಗೆ ಒಮ್ಮೆ ಟಣ್ಣೆಂದಿತು. ಸಾಕು, ಅಳಬೇಡ ಎಂದು. ಅವಳು ಮೂಗು ಒರೆಸಿಕೊಂಡು ಎದ್ದಳು.

ಚಾಕುವನ್ನು ಯಾರೂ ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಜಗಳ ಹತ್ತುತ್ತದೆ. ಹಂಪವ್ವ ಅದನ್ನು ಮಡಚಿ ಅಡಗಲ್ಲಿನ ಮೇಲೆ ಇಟ್ಟಳು. ಮಾರೆಪ್ಪ ಎತ್ತಿಕೊಂಡು, ತೂಕ ನೋಡಿ, ಒಳಂಗಿಯ ಕಿಸೆಗೆ ಇಳಿಸಿದ. ಕೈ ಮತ್ತೆ ಕಿಸೆ ತಡಕಲಿಲ್ಲ.

ಸಂಜೆ ಗೋವಿಂದರಾಜನಿಗೆ ಅಮೃತಾ ಎಲ್ಲವನ್ನೂ ಹೇಳಿದಳು. ಅವನು ನಂಬಿದಂತೆಯೂ ಇಲ್ಲ, ಬಿಟ್ಟಂತೆಯೂ ಇಲ್ಲ. ರಾತ್ರಿಯ ಊಟಕ್ಕೆ ಹಂಪವ್ವ ಸ್ಟೀಲಿನ ತಟ್ಟೆಯನ್ನು ಅಟ್ಟದಿಂದ ಇಳಿಸಿ ತೊಳೆದು ತಂದಳು. ಮಾರೆಪ್ಪ ತಟ್ಟೆಯನ್ನು ಬಹಳ ಹೊತ್ತು ನೋಡಿದ. ಉಣಿಸುತ್ತ ಹೋದಳು. ಅರ್ಧ ರೊಟ್ಟಿಗೆ ಉಂಗುರ ಟಣ್ಣೆಂದಿತು. ಅವಳ ಕೈ ನಿಂತಿತು. ಅವನು ನೀರಿನ ಕಡೆ ನೋಡಿದ, ನೀರು ಕುಡಿಸಿದಳು. ಕೆಮ್ಮು ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗೋವಿಂದರಾಜ ಬಾಲ್ಯದಲ್ಲಿ ತಿದಿ ಒತ್ತುತ್ತ ಆ ಸದ್ದನ್ನು ಸಾವಿರ ಸಲ ಕೇಳಿದವನು. ಅವನು ಒಳಗೆ ಬಂದು ಮಂಚದ ಪಕ್ಕ ನೆಲದ ಮೇಲೆ ಕೂತ. "ಯಪ್ಪಾ, ನಿನ್ನ ಮುಂದಽ ನಿನ್ನ ಬಗ್ಗೆ ಏನೇನೋ ಮಾತಾಡಿಬಿಟ್ಟೆ," ಎಂದು ಅಪ್ಪನ ಕಾಲು ಹಿಡಿದ. "ನೀ ಬ್ಯಾಡಂದ್ರ ಆ ಕುಲುಮ್ಯಾಂದು ಒಂದ ಕಲ್ಲೂ ಅಲುಗಸೂದಿಲ್ಲ."

ಅಮಾವಾಸ್ಯೆಯ ಮರುದಿನ ಉಮರಸಾಬ ಗಾಡಿ ತಂದ. ಗೋವಿಂದರಾಜನೇ ಅಪ್ಪನನ್ನು ತೋಳಲ್ಲಿ ಎತ್ತಿಕೊಂಡು ಬಂದು ಅಡಗಲ್ಲಿನ ಮುಂದೆ ಕೂರಿಸಿದ. ಉಮರಸಾಬ ಚಪ್ಪಲಿ ಬಿಟ್ಟು ಬಂದು, "ಸಲಾಮ್ರಿ ಮಾರೆಪ್ಪಣ್ಣ," ಎಂದು ಅವನ ಎಡಗೈ ಹಿಡಿದುಕೊಂಡ.

ಹಂಪವ್ವ ಹಳೆಯ ಕುಂಟೆಯ ಕುಡವೊಂದನ್ನು ತಂದು ಅಡಗಲ್ಲಿನ ಅರ್ಧ ಭಾಗದಲ್ಲಿ ಇಟ್ಟಳು. ಅವಳೇ ಬಡಿದು ಹಣಿದ ಕುಡ ಅದು. ಇನ್ನರ್ಧ ಬರಿದಾಗಿತ್ತು. "ನೋಡ್ರಿ," ಎಂದು ಗಂಡನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು, "ಸಾಬರು ಅಡಗಲ್ಲು ಕೇಳಾಕ ಬಂದಾರ. ನಮ್ಮ ಕುಲುಮಿ ಇರಲಿ ಅಂದ್ರ ಕುಡದ ಮ್ಯಾಲೆ ಮುಟ್ರಿ. ಸಾಕು ಅಂದ್ರ..." ಅವಳು ಬರಿದಾದ ಅರ್ಧವನ್ನು ಅಂಗೈಯಿಂದ ಒರೆಸಿದಳು. "ಸಾಕು ಅಂದ್ರ ನಿಮಗ ಗೊತ್ತೈತಿ."

ಮಾರೆಪ್ಪನ ಕೈ ಮೊದಲು ಕುಡದ ಕಡೆಗೇ ಹೋಯಿತು. ಹಂಪವ್ವನಿಗೆ ಉಸಿರು ಬಂತು. ಅವನು ಕುಡದ ಬಾಯಿಯ ಉದ್ದಕ್ಕೂ ಹೆಬ್ಬೆರಳು ಆಡಿಸಿದ. ಆಡಿಸಿ, ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಅಡಗಲ್ಲಿನ ಮೈಮೇಲೆ ಅಂಗೈ ಹಾಸಿ, ಎತ್ತಿನ ಬೆನ್ನು ಸವರಿದ ಹಾಗೆ ಸವರಿದ. ಆಮೇಲೆ ಹೆಂಡತಿಯನ್ನು ನೋಡಿದ. ಅವಳ ಭುಜ, ತೋಳು, ಸಮ್ಮಟಿಗೆ ಎತ್ತಿ ಎತ್ತಿ ಗಂಟು ಬಿದ್ದ ಮಣಿಕಟ್ಟು, ಎಲ್ಲವನ್ನೂ ನೋಡಿದ. ಉಂಗುರ ಎದ್ದು ಬರಿಯ ಅಡಗಲ್ಲಿನ ಮೇಲೆ ಬಿತ್ತು.

ಟಣ್.

ಗೋವಿಂದರಾಜ ತಲೆ ತಗ್ಗಿಸಿದ. ಅವನಿಗೆ ತಿಳಿಯಿತು. ಉಮರಸಾಬ ಒಬ್ಬೊಬ್ಬರ ಮುಖ ನೋಡಿ ಕೊನೆಗೆ ಹಂಪವ್ವನಿಗೆ ಕೇಳಿದ: "ಏನಂದ್ರಕ್ಕಾ ಯಜಮಾನ್ರು?"

ಬೇಡ ಎಂದರು ಎಂದು ಅವಳು ಹೇಳಿಬಿಡಬಹುದಿತ್ತು. ಹೇಳಿದ್ದರೆ ಮಗ ಎದುರಾಡುತ್ತಿರಲಿಲ್ಲ, ಗಾಡಿ ಬರಿದೇ ಕುಷ್ಟಗಿಗೆ ಹೋಗುತ್ತಿತ್ತು. ಆ ಮಾತು ಅವಳ ನಾಲಿಗೆಯ ತುದಿಗೆ ಬಂದೂ ಬಂತು. ಗಂಡ ಅವಳನ್ನೇ ನೋಡುತ್ತಿದ್ದ. ಅವನ ಮಾತನ್ನು ಒಮ್ಮೆ ಪ್ಲಾಸ್ಟಿಕ್ ತಟ್ಟೆಯಿಂದ ಮುಚ್ಚಿದವಳು ಅವಳು. ಎರಡನೇ ಸಲ ಅವಳಿಂದ ಆಗಲಿಲ್ಲ.

"ಸಾಕಂತಾರ," ಎಂದಳು. "ಒಯ್ರಿ."

ನಾಲ್ಕು ಜನ ಸೇರಿ ಅಡಗಲ್ಲನ್ನು ಗಾಡಿಗೆ ಏರಿಸಿದರು. ಅದು ಕೂತಿದ್ದ ಜಾಗದಲ್ಲಿ ಕಪ್ಪು ಗುಣಿಯೊಂದು ಉಳಿಯಿತು. ಹಂಪವ್ವ ಸಮ್ಮಟಿಗೆಯನ್ನು ತಾನೇ ಎತ್ತಿ ತಂದು ಉಮರಸಾಬನ ಗಾಡಿಯಲ್ಲಿ ಇಟ್ಟಳು. ಬಳೆಗೆ ಸುತ್ತುತ್ತಿದ್ದ ಹಳೆಯ ಅರಿವೆ ಅದರ ಹಿಡಿಗೆ ಇನ್ನೂ ಕಟ್ಟಿತ್ತು. ಬಿಚ್ಚಿಕೊಂಡಳು.

ಮಧ್ಯಾಹ್ನ ಮಾರೆಪ್ಪ ಕಿಸೆಯಿಂದ ಚಾಕು ತೆಗೆದು ಮಂಚದ ಮೇಲೆ ಇಟ್ಟ. ಹಂಪವ್ವ ಅದನ್ನು ಎತ್ತಿಕೊಂಡು ಸೌತೆಕಾಯಿ ಹೆಚ್ಚಿ, ತೆಳ್ಳಗೆ ಹೋಳು ಮಾಡಿ, ಒಂದೊಂದಾಗಿ ಅವನ ಬಾಯಿಗೆ ಇಟ್ಟಳು. ಕೆಲವು ಹೋಳು ತಿಂದ ಮೇಲೆ ತಟ್ಟೆಯ ಅಂಚು ಟಣ್ಣೆಂದಿತು. ಕೈಯಲ್ಲಿ ಹಿಡಿದ ಹೋಳನ್ನು ಅವಳು ತಾನೇ ತಿಂದಳು.